ಅಜ್ಜಾರ ಹೆರಾಲ್ಡ್ ಗಾಡಿ ಪೂರ್ತಿ ಬಿಚ್ಚಬೇಕು, ಮೊದಲ ಏನ್ ಬಿಚ್ಚಲಿ?

ಬಾಗಲಕೋಟ್ಯಾಗ ಅಜ್ಜಾರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಶೆಡ್ಡಿನಾಗ ನಿಂತೈತಿ, ರೆಸ್ಟೋರ್ ಮಾಡಾಕ ಎಲ್ಲಿಂದ ಶುರು ಮಾಡ್ಲಿ ಅಂತ ಕೇಳೀರಿ. ಮೊದಲ ಏನೂ ಬಿಚ್ಚಬ್ಯಾಡ್ರಿ. ಬಾಗಿಲಾ ಮುಚ್ಚಿ ಸುತ್ತಲೂ ಸಂದಿ ಅಳತಿ ತಗೊಂಡ ಬರ್ಕೋರಿ, ಫೋಟೋ ಹೊಡೀರಿ.

ನಾ ಇಲ್ಲಿ ಬೆಳಗಾವ್ಯಾಗ ಎರಡ ಬಾಗಿಲಿಂದು ಒಂದು ಬಿಚ್ಚೇನಿ, ಬಿಚ್ಚಾಕ 8 ದಿನ, ಕೂಡಸಾಕ 3 ವರ್ಷ. ಬಿಚ್ಚೂದು ಅಷ್ಟ ಸರಳ ಯಾಕಂದ್ರ ಇದು 1959ರಾಗ ಇಂಗ್ಲೆಂಡಿನಾಗ ಬಂದ ಟ್ರಯಂಫ್ ಹೆರಾಲ್ಡ್, ಆಮ್ಯಾಲೆ ಮದ್ರಾಸಿನಾಗ ಸ್ಟ್ಯಾಂಡರ್ಡ್ ಹೆಸರಿನ್ಯಾಗ ತಯಾರ ಆತು, ಚಾಸಿ ಅಂದ್ರ ಕೆಳಗಿನ ಕಬ್ಬಿಣದ ಚೌಕಟ್ಟೇ ಬ್ಯಾರೆ ಬಾಡಿನೇ ಬ್ಯಾರೆ, ಬಾಡಿನೂ ತುಂಡ ತುಂಡ ಬೋಲ್ಟ್ ಹಾಕಿ ಕೂಡಿಸಿದ್ದು. ಬಾನೆಟ್ಟಂತೂ ಮಡ್‌ಗಾರ್ಡ್ ಸಮೇತ ಮುಂದಕ್ಕ ಬಾಗತೈತಿ, ಇಬ್ರು ಹಿಡದ್ರ ಎತ್ತಿ ಇಡಬಹುದು.

ನಾ ಮೋಸ ಹೋಗಿದ್ದ ಇಲ್ಲೇ ನೋಡ್ರಿ. ಬಾಡಿ ಚಾಸಿ ಮ್ಯಾಲೆ ಕೂಡೂ ಜಾಗಾದಾಗ ಸಣ್ಣ ಸಣ್ಣ ಪ್ಯಾಕಿಂಗ್ ಇರ್ತಾವು, ಒಂದ ಕಡೆ ದಪ್ಪ ಒಂದ ಕಡೆ ತೆಳ್ಳಗ, ನಾ ಶಾಣ್ಯಾ ಅವನ್ನೆಲ್ಲಾ ಒಂದ ಬಕೆಟ್‌ನಾಗ ಹಾಕಿ ಚಿಮಣಿ ಎಣ್ಣ್ಯಾಗ ತೊಳದಿಟ್ಟೆ, ಯಾವುದ ಎಲ್ಲಿದು ಅನ್ನೂದ ಹೋತು, ಆರ ತಿಂಗಳ ಎಡಗಡೆ ಬಾಗಿಲಾ ಮುಚ್ಚಲೇ ಇಲ್ಲ. ಒಂದೊಂದಕ್ಕೂ ಚೀಟಿ ಕಟ್ಟಿ ಬ್ಯಾರೆ ಬ್ಯಾರೆ ಪುಡಕಿನ್ಯಾಗ ಇಡ್ರಿ. ಬಾಡಿ ಎತ್ತೂಕಿಂತ ಮೊದಲ ಬಾಗಿಲಾ ಜಾಗಾಕ್ಕ ಆ ಕಡಿಂದ ಈ ಕಡೆ ಕಬ್ಬಿಣದ ಆಂಗಲ್ ಹಾಕಿ ಬಿಗೀರಿ, ಇಲ್ಲಾಂದ್ರ ತುಕ್ಕ ತಿಂದ ತಗಡ ಎತ್ತಿದ ಕೂಡಲೇ ಬಾಗತೈತಿ.

ಕೊಳತಿದ್ದನ್ನ ಒಗೀಬ್ಯಾಡ್ರಿ! ಚಾಸಿಯಿಂದ ಪಕ್ಕಕ್ಕ ಚಾಚಿದ ಔಟ್‌ರಿಗ್ಗರ್ ಇರ್ತಾವಲ್ಲ, ನೀರ ನಿಂತು ಮೊದಲ ಹೋಗೂದು ಅವ, ನಾ ಅವನ್ನ ಗುಜರಿಯವಗ ಕೊಟ್ಟು ನಮ್ಮೂರ ಕಾರ್ಖಾನಿ ಏರಿಯಾ ಉದ್ಯಮಬಾಗಕ್ಕ ಹೋದೆ, ಅಲ್ಲಿ ಮಿಸ್ತ್ರಿ ಕೇಳಿದ್ದು ಒಂದ ಮಾತ, "ನಮೂನಿ ಎಲ್ಲೈತ್ರಿ?" ಅರ್ಧ ಕೊಳತ ತುಂಡಿದ್ರೂ ಅಂವ ಅಳತಿ ತಗದ ಬಗ್ಗಿಸಿ ಕೊಡ್ತಿದ್ದ. ಬ್ಯಾರೆಯವರ ಗಾಡಿ ಕೆಳಗ ಮಲಗಿ ರಟ್ಟಿನ ಮ್ಯಾಲೆ ಬರ್ಕೊಂಡ ಬರೂದಾತು.

ಪಾನಾ ಇಂಚಿಂದು ಬೇಕು, ಮಿಲಿಮೀಟರ್ ಪಾನಾ ಹಾಕಿ ಬೋಲ್ಟಿನ ಮೂಲಿ ತಿನ್ನಸಬ್ಯಾಡ್ರಿ, ಹಳೇ ಲಾರಿ ಮಿಸ್ತ್ರಿಗಳ ಹಂತ್ಯಾಕ ಸಿಕ್ರ ಸಿಗತಾವು. ಮುಂದಿನ ಕಾಯಿಲ್ ಸ್ಪ್ರಿಂಗಿಗೆ ಅದನ್ನ ಒತ್ತಿ ಹಿಡಿಯೂ ಕಂಪ್ರೆಸರ್ ಇಲ್ದ ಕೈ ಹಾಕಬ್ಯಾಡ್ರಿ, ಮಾರಿಗೇ ಬರತೈತಿ. ಮುಂದಿನ ಟ್ರನಿಯನ್ನಿಗೆ, ಅಂದ್ರ ಮುಂದಿನ ಗಾಲಿ ತಿರಗೂ ಕೆಳಗಿನ ಜೋಡಣಿಗೆ, ಗ್ರೀಸ್ ಅಲ್ಲ, ಗೇರ್ ಆಯಿಲ್ ಹೋಗಬೇಕು, ನನ್ನ ಗಾಡ್ಯಾಗ ಯಾರೋ ಗ್ರೀಸ್ ತುಂಬಿ ತುಂಬಿ ಥ್ರೆಡ್ಡೆಲ್ಲಾ ತಿನ್ನಿಸಿದ್ರು. ಬಣ್ಣ ತಗದ ತಗಡಿಗೆ ಅವತ್ತೇ ಪ್ರೈಮರ್ ಹೊಡೀರಿ, ನಿಮ್ಮಲ್ಲಿ ಬಿಸಲರೆ ಐತಿ, ನಮ್ಮ ಮಳ್ಯಾಗ ರಾತ್ರಿ ಕಳದ ಬೆಳಗ ಆಗೂದ್ರಾಗ ಕೆಂಪಗ ಆಗಿರತೈತಿ.

ಸದ್ಯಕ್ಕ ಗಾಡಿ ಕೆಳಗ ಹೋಗಿ ಔಟ್‌ರಿಗ್ಗರಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ ಎಷ್ಟ ಒಳಗ ಹೋತು ಅಂತ ಹೇಳ್ರಿ, ಆಮ್ಯಾಲೆ ಮುಂದಿಂದು ಮಾತಾಡೂಣು.