ಕರೆಂಟ್ ಹೋದಾಗ ನಮ್ಮ ಸೋಲಾರೂ ಯಾಕೆ ಹೋಗುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಳೆದ ವರ್ಷ ಟೆರೇಸ್ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ಈ ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ನಮ್ಮದೂ ಬಂದ್. ಒಳ್ಳೆ ಬಿಸಿಲು ಇದ್ದಾಗಲೂ ಹಾಗೇ. ಪಕ್ಕದ ಮನೆಯವರು ನೋಡಿ ನಗುತ್ತಾರೆ. ಹಾಕಿಕೊಟ್ಟವರು ನಮಗೆ ಟೋಪಿ ಹಾಕಿದರಾ ಸರ್? (ಕಾಪುವಿನ ಓದುಗರು)

ಉತ್ತರ: ಟೋಪಿ ಹಾಕಿಲ್ಲ ಮಾರಾಯ್ರೆ, ಹೇಳಬೇಕಾದ್ದನ್ನು ಹೇಳಿಲ್ಲ ಅಷ್ಟೆ. ನಿಮ್ಮದು ಗ್ರಿಡ್‌ಗೆ, ಅಂದರೆ ಮೆಸ್ಕಾಂನ ಕರೆಂಟ್ ಲೈನಿಗೆ ಸೇರಿಸಿದ ಸೋಲಾರ್. ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ಕೂಡಲೇ ಅದರ ಇನ್ವರ್ಟರ್ ತಾನೂ ಆಫ್ ಆಗುತ್ತದೆ. ಬೇಕೆಂದೇ ಹಾಗೆ ಮಾಡಿರುವುದು. ಗಾಳಿಮಳೆಗೆ ಮರ ಬಿದ್ದು ತಂತಿ ತುಂಡಾದರೆ ಮೆಸ್ಕಾಂನ ಲೈನ್‌ಮ್ಯಾನ್ ಸಪ್ಲೈ ತೆಗೆದು ಕಂಬ ಹತ್ತುತ್ತಾರೆ, ಆ ಹೊತ್ತಿಗೆ ನಿಮ್ಮ ಟೆರೇಸಿನಿಂದ ಕರೆಂಟ್ ಅದೇ ಲೈನಿಗೆ ಹರಿದು ಬಂದರೆ ಅವರ ಗತಿ ಏನು?

ಕರೆಂಟ್ ಹೋದಾಗಲೂ ಉರಿಯಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ (ಲೈನಿಗೂ ಬ್ಯಾಟರಿಗೂ ಹೊಂದುವಂಥದ್ದು), ಬ್ಯಾಟರಿ ಎರಡೂ ಬೇಕು. ಖರ್ಚು ಜಾಸ್ತಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಉಂಟು, ಆದರೆ ಅದನ್ನು ಕೊಡುವುದು ಕಿಲೋವ್ಯಾಟ್ ಲೆಕ್ಕದಲ್ಲಿ, ಬ್ಯಾಟರಿಯ ಲೆಕ್ಕದಲ್ಲಿ ಅಲ್ಲ. ಎರಡು ಫ್ಯಾನ್, ನಾಲ್ಕು ಲೈಟ್, ಒಂದು ವೈಫೈ ನಡೆದರೆ ಸಾಕು ಅನ್ನುವವರಿಗೆ ಮಾಮೂಲಿ ಮನೆ ಇನ್ವರ್ಟರೇ ಸಾಕು. ಅದಕ್ಕಾಗಿ ಸೋಲಾರ್ ವ್ಯವಸ್ಥೆಯನ್ನೇ ಬದಲಾಯಿಸಲು ಹೋಗಬೇಡಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೇಸಿಗೆಯಲ್ಲಿ 1 ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ, ಅಂದರೆ ನಿಮಗೆ ಹನ್ನೆರಡರ ಆಸುಪಾಸು. ಆಷಾಢದಲ್ಲಿ ಮಳೆ ಹಿಡಿದುಕೊಂಡ ದಿನ ಮೂರೋ ನಾಲ್ಕೋ ಬಂದರೆ ಪುಣ್ಯ. ಹಾಗಾಗಿ ಜುಲೈ ಬಿಲ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ, ವರ್ಷದ ಲೆಕ್ಕ ನೋಡಿ. ಕಾಪುವಿನಲ್ಲಿ ಉಪ್ಪು ಗಾಳಿ ಬೇರೆ. ಮಳೆ ನಿಂತ ಮೇಲೆ ಒಮ್ಮೆ ಟೆರೇಸ್ ಹತ್ತಿ ಸ್ಟ್ಯಾಂಡಿನ ಬೋಲ್ಟ್‌ಗಳನ್ನು ನೋಡಿ. ತುಕ್ಕಿನ ನೀರು ಕಂದು ಗೆರೆಯಾಗಿ ಕೆಳಗಿಳಿದಿದ್ದರೆ ಆ ಬೋಲ್ಟ್ ತೆಗೆಸಿ ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿಸಿ. ಪ್ಯಾನಲ್‌ನ ಕೆಳಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಕಾಗೆ ಹಿಕ್ಕೆ ಅಂತೂ ಇದ್ದೇ ಇರುತ್ತದೆ. ಬೆಳಿಗ್ಗೆ ಗಾಜು ತಣ್ಣಗಿರುವಾಗಲೇ ಬಾವಿ ನೀರು ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಸೋಪಿನ ಪುಡಿ, ಪಾತ್ರೆ ಉಜ್ಜುವ ನಾರು ಎರಡೂ ಬೇಡ.

ಪ್ರಶ್ನೆ: ನಮ್ಮದು ಹಂಚಿನ ಮನೆ, ಸುತ್ತ ತೆಂಗಿನ ಮರ. ಸೋಲಾರ್ ಹಾಕಿಸಲು ಎರಡು ಮರ ಕಡಿಯಬೇಕು ಅನ್ನುತ್ತಾರೆ ಯಜಮಾನರು. ಈಗ ನಮಗೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತದೆ. ಏನು ಮಾಡುವುದು? (ಮೂಡುಬಿದಿರೆಯ ಓದುಗರು)

ಉತ್ತರ: ಮರ ಕಡಿಯಬೇಡಿ ಅಕ್ಕ. ಬಿಲ್ಲೇ ಸೊನ್ನೆ ಅಂದಮೇಲೆ ಉಳಿಸುವುದಾದರೂ ಏನನ್ನು? ಫಲ ಕೊಡುವ ಮರ ಕಡಿದು ಪರಿಸರ ಉಳಿಸುವುದು ಯಾವ ಲೆಕ್ಕ ಅಂತ ನನಗೂ ಅರ್ಥವಾಗಿಲ್ಲ. ಮುಂದೆ ಯಾವಾಗಾದರೂ ಹಾಕಿಸುವುದಿದ್ದರೆ ಅಂಗಳದಾಚೆ ಬಿಸಿಲು ಬೀಳುವ ಕಡೆ ಶೀಟಿನ ಮಾಡು ಇದ್ದರೆ ನೋಡಿ, ಅದು ದಕ್ಷಿಣಕ್ಕೆ ಇಳಿಜಾರಾಗಿದ್ದರೆ ಇನ್ನೂ ಒಳ್ಳೆಯದು. ಒಂದು ಮಡಲಿನ ನೆರಳು ಒಂದೇ ಪ್ಯಾನಲ್ ಮೇಲೆ ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಉಳಿದವುಗಳ ಉತ್ಪಾದನೆಯೂ ಕುಗ್ಗಬಹುದು. ಕಾಯಿ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ಪ್ರಶ್ನೆ: ಸಮುದ್ರದ ಗಾಳಿ ಇಷ್ಟು ಇರುವಾಗ ನಮ್ಮ ಕಡೆ ಗಾಳಿಯಂತ್ರ ಯಾಕಿಲ್ಲ? (ಮಲ್ಪೆಯ ಓದುಗರು)

ಉತ್ತರ: ಗಾಳಿ ಜೋರಾಗಿದ್ದರೆ ಸಾಲದು, ವರ್ಷದಲ್ಲಿ ತುಂಬ ದಿನ ಒಂದೇ ಸಮನೆ ಬೀಸಬೇಕು. ಅಂಥ ಗಾಳಿ ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಉಂಟು. ತಮಾಷೆ ಅಂದರೆ ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆ ಬಂದದ್ದು ನಮ್ಮ ಪಡುಬಿದ್ರಿಗೆ.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಆದರೆ ಚಾರ್ಜ್ ಮಾಡುವ ಕರೆಂಟೂ ಕಲ್ಲಿದ್ದಲಿನದ್ದೇ. ಮತ್ತೆ ಲಾಭ ಏನು? (ಎಲ್ಲೂರು ಕಡೆಯ ಓದುಗರು)

ಉತ್ತರ: ನೀವಿರುವ ಊರಿನಿಂದ ಈ ಪ್ರಶ್ನೆ ಬಂದದ್ದು ಸರಿಯೇ. 1200 ಮೆಗಾವ್ಯಾಟ್‌ನ ಸ್ಥಾವರ ನಿಮ್ಮ ಪಕ್ಕದಲ್ಲೇ ಇದೆ, ಹೊರದೇಶದ ಕಲ್ಲಿದ್ದಲು ನವಮಂಗಳೂರು ಬಂದರಿಗೆ ಬಂದು ಅಲ್ಲಿಂದ ನಿಮ್ಮೂರಿಗೆ ಬರುತ್ತದೆ. ಆದರೂ ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಸ್ಕೂಟರ್ 45 ಕಿಲೋಮೀಟರ್ ಮೈಲೇಜ್ ಕೊಟ್ಟರೆ ಕಿಲೋಮೀಟರಿಗೆ 50 ಗ್ರಾಂ. ನಮ್ಮ ದೇಶದ ಗ್ರಿಡ್‌ನ ಕರೆಂಟಿನಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕಿಲೋದಷ್ಟು. ಒಂದು ಯೂನಿಟ್ಟಿನಲ್ಲಿ 30 ಕಿಲೋಮೀಟರ್ ಓಡಿತು ಅಂತಿಟ್ಟುಕೊಳ್ಳಿ, ದಾರಿಯಲ್ಲಿ ಸೋರುವ ಕರೆಂಟ್ ಸೇರಿಸಿದರೂ 30 ಗ್ರಾಂ ಒಳಗೇ. ಬ್ಯಾಟರಿ ತಯಾರಿಸುವ ಲೆಕ್ಕ ಬೇರೆ ಇದೆ, ಜಾಸ್ತಿ ಓಡಿಸುವವರಿಗೆ ಅದೂ ತೀರುತ್ತದೆ.

ಆದರೆ ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿ ಕಮ್ಮಿಯಾದ ಹೊಗೆ ಪೂರ್ತಿ ಮಾಯವಾಗುವುದಿಲ್ಲ, ಒಂದಷ್ಟು ನಿಮ್ಮೂರಿನಂಥ ಕಡೆ ಚಿಮಣಿಯಿಂದ ಹೊರಬರುತ್ತದೆ. ಪೇಟೆಯವರು ಇದನ್ನು ಮಾತಾಡುವುದೇ ಇಲ್ಲ. ಸ್ಕೂಟರ್ ತೆಗೆದುಕೊಳ್ಳಿ, ಹಳೇ ಪೆಟ್ರೋಲ್ ಸ್ಕೂಟರಿನ ಬದಲಿಗೆ. ಈಗ ಬಸ್ಸಿನಲ್ಲಿ ಹೋಗಿಬರುವವರಾದರೆ ಬಸ್ಸಲ್ಲೇ ಹೋಗಿ.

ಪ್ರಶ್ನೆ: ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಕ್ಲೀನ್ ಎನರ್ಜಿ ತಾನೇ? ಪರಿಸರದವರು ಎಲ್ಲದಕ್ಕೂ ಸುಮ್ನೆ ಅಡ್ಡ ಬರುತ್ತಾರೆ ಅನಿಸುತ್ತದೆ. (ಬೈಂದೂರಿನ ಓದುಗರು)

ಉತ್ತರ: ಹೊಗೆ ಇಲ್ಲ, ಅಷ್ಟರ ಮಟ್ಟಿಗೆ ಕ್ಲೀನ್. ಕರೆಂಟ್ ಹೆಚ್ಚಿರುವ ಹೊತ್ತಲ್ಲಿ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಪಂಪ್ ಮಾಡುವುದು, ಸಂಜೆ ಎಲ್ಲರ ಮನೆಯಲ್ಲೂ ಸ್ವಿಚ್ ಒತ್ತುವಾಗ ಅದನ್ನೇ ಕೆಳಗೆ ಬಿಟ್ಟು 2000 ಮೆಗಾವ್ಯಾಟ್ ತೆಗೆಯುವುದು. ಹೊಸ ಕರೆಂಟ್ ಹುಟ್ಟುವುದಿಲ್ಲ. ಮೇಲೆತ್ತಲು ಬಳಸಿದ್ದರಲ್ಲಿ ಐದನೇ ಒಂದು ಪಾಲಿನಷ್ಟು ನಷ್ಟವೇ ಆಗುತ್ತದೆ. ಇದೊಂದು ದೊಡ್ಡ ನೀರಿನ ಬ್ಯಾಟರಿ. ಸೋಲಾರ್ ಜಾಸ್ತಿಯಾದಷ್ಟೂ ಸಂಜೆಗೆ ಇಂಥದ್ದೇನೋ ಬೇಕು ಅನ್ನುವುದೂ ನಿಜ.

ಜಗಳ ಇರುವುದು ಜಾಗದ ಬಗ್ಗೆ. ಅದು ಸಿಂಗಳೀಕಗಳ ಅಭಯಾರಣ್ಯದ ಕಾಡು. ಸಿಂಗಳೀಕ ನೆಲಕ್ಕಿಳಿಯುವುದು ಕಡಿಮೆ, ಕೊಂಬೆಯಿಂದ ಕೊಂಬೆಗೆ ಹೋಗುವ ಪ್ರಾಣಿ. ಮಧ್ಯೆ ಒಂದು ಅಗಲ ರಸ್ತೆ ಕಡಿದರೆ ಆಚೆಯ ಗುಂಪು ಆಚೆ, ಈಚೆಯದು ಈಚೆ. ಅದೇ ಕಣಿವೆಯಲ್ಲಿ ಲಿಂಗನಮಕ್ಕಿಗಾಗಿ 1960ರ ದಶಕದಲ್ಲಿ ಮನೆಮಠ ಬಿಟ್ಟವರ ಜಮೀನಿನ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಹೊಗೆ ಇಲ್ಲದ ಕರೆಂಟಿಗೂ ಯಾರದೋ ಊರು, ಯಾವುದೋ ಕಾಡು ಬೇಕು. ಪಾವಗಡದಲ್ಲಿ ಸೋಲಾರ್ ಪಾರ್ಕಿಗಾಗಿ 13,000 ಎಕರೆಯಷ್ಟು ಜಮೀನನ್ನು ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು, ವರ್ಷವರ್ಷ ಬಾಡಿಗೆ ಕೊಡುತ್ತಾರೆ. ಅಲ್ಲೂ ಜಮೀನಿಲ್ಲದ ಕೂಲಿಯವರಿಗೆ ಬಾಡಿಗೆ ಬರುವುದಿಲ್ಲ, ಆದರೂ ನೆಲವಾದರೂ ರೈತರ ಹೆಸರಲ್ಲೇ ಉಳಿಯಿತು. ನನ್ನನ್ನು ಕೇಳಿದರೆ, ಸಂಜೆಯ ಹೊರೆ ಇಳಿಸುವ ಸುಲಭದ ಕೆಲಸಗಳನ್ನು ಮೊದಲು ಮಾಡಬೇಕು. ತೋಟದ ಪಂಪುಗಳೆಲ್ಲ ಹಗಲೇ ಓಡಲಿ, ಸಬ್‌ಸ್ಟೇಷನ್‌ಗಳಲ್ಲಿ ಬ್ಯಾಟರಿ ಬರಲಿ. ಕಾಡಿನ ಮಾತು ಆಮೇಲೆ.

ಪ್ರಶ್ನೆ: ಎರಡು ಹಸು ಉಂಟು. ಗೋಬರ್ ಗ್ಯಾಸ್ ಮಾಡಿದರೆ ಸಿಲಿಂಡರ್ ಬಿಡಬಹುದಾ? (ಶಿರ್ವದ ಓದುಗರು)

ಉತ್ತರ: ಪೂರ್ತಿ ಬಿಡಲು ಆಗಲಿಕ್ಕಿಲ್ಲ. ದಿನಕ್ಕೆ 25 ಕಿಲೋ ಸೆಗಣಿಗೆ ಸುಮಾರು 1 ಘನ ಮೀಟರ್ ಗ್ಯಾಸ್, ಅದು ಹೆಚ್ಚುಕಮ್ಮಿ ಅರ್ಧ ಕಿಲೋ ಸಿಲಿಂಡರ್ ಗ್ಯಾಸಿಗೆ ಸಮ. ಬೆಳಗಿನ ಕಾಫಿ, ಗಂಜಿ, ಒಂದು ಪದಾರ್ಥಕ್ಕೆ ಸಾಕು. ಸೆಗಣಿಯಷ್ಟೇ ನೀರು ಹಾಕಿ ಚೆನ್ನಾಗಿ ಕಲಸಿ. ಹಟ್ಟಿ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋಗದಂತೆ ನೋಡಿಕೊಳ್ಳಿ, ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸತ್ತುಹೋಗುತ್ತವೆ. ಮಳೆನೀರೂ ಒಳಗೆ ಇಳಿಯಬಾರದು. ಪೈಪಿನ ಜಾಯಿಂಟುಗಳಿಗೆ ಆಗಾಗ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಬಂದರೆ ಗ್ಯಾಸ್ ಸೋರುತ್ತಿದೆ ಅಂತ ಅರ್ಥ, ಕೂಡಲೇ ರಿಪೇರಿ ಮಾಡಿಸಿ. ಬೆಂಕಿಯ ಅಪಾಯವಂತೂ ಇದ್ದೇ ಇದೆ, ಅದರ ಮೇಲೆ ಉರಿಯದೆ ಹೊರಹೋಗುವ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಇಪ್ಪತ್ತೈದು ಪಟ್ಟಿಗೂ ಜಾಸ್ತಿ. ಹೊರಬರುವ ಸ್ಲರಿಯನ್ನು ಅಡಿಕೆ ಬುಡಕ್ಕೆ ಹಾಕಿ.