ಬೀಗ ಹಾಕಿದ ಮನೆಗೆ ಬರೆದ ಕಾಗದ

ಪ್ರಶ್ನೆ: ಕಲಬುರಗಿಯ ಬ್ರಹ್ಮಪುರ, ಶಹಾಬಜಾರ್ ಕಡೆ ಮನೆ ಮಾರುವವರನ್ನು ಹುಡುಕಲು 200 ಕರಪತ್ರ ಅಂಚೆಯಲ್ಲಿ ಕಳಿಸಿದೆ. ಒಂದೂ ಕರೆ ಬರಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ವಿಳಾಸದಲ್ಲಿ. ಮಾರುವ ಮನಸ್ಸಿರುವವರು ಬಹುತೇಕ ಆ ಮನೆಯಲ್ಲಿ ಇರುವುದೇ ಇಲ್ಲ. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿರುತ್ತಾರೆ. ಬೀಗ ಹಾಕಿದ ಬಾಗಿಲಿಗೆ ಹೋದ ಕಾಗದ ಧೂಳು ತಿನ್ನುತ್ತದೆ. ಮೊದಲು ಓಣಿ ಸುತ್ತಿ, ಅಂಗಳದಲ್ಲಿ ಹುಲ್ಲು ಬೆಳೆದ, ಬಾಗಿಲ ಸಂದಿಯಲ್ಲಿ ಕರೆಂಟ್ ಬಿಲ್ ಸಿಕ್ಕಿಕೊಂಡ 40 ಮನೆ ಗುರುತು ಹಾಕಿ. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆದರೆ ನೋಂದಾಯಿತ ವ್ಯವಹಾರಗಳಲ್ಲಿ ಮಾಲೀಕರ ಹೆಸರು ಸಿಗುತ್ತದೆ. ಈಗಿನ ಊರನ್ನು ನೆರೆಯವರಲ್ಲಿ, ಓಣಿಯ ಕಿರಾಣಿ ಅಂಗಡಿಯಲ್ಲಿ ವಿನಯದಿಂದ ಕೇಳಿ.

ಕರಪತ್ರ ಬೇಡ, ಕಾಗದ ಬರೆಯಿರಿ. ಲಕೋಟೆ ಮೇಲೆ ಕೈಬರಹ, ಒಳಗೆ ಎಂಟೇ ಸಾಲು: ನೀವು ಯಾರು, ಯಾವ ಮನೆ, ಯಾಕೆ ಬೇಕು, ಒಂದೇ ಫೋನ್ ನಂಬರ್. ಬೆಲೆ ಬರೆಯಬೇಡಿ, ಅದು ಮಾತುಕತೆಯನ್ನು ಮೊದಲೇ ಮುಗಿಸುತ್ತದೆ. ಉರ್ದು ಓದುವ ಮನೆಗೆ ಉರ್ದುವಿನಲ್ಲೇ ಬರೆಯಿಸಿ. ಲಕೋಟೆಯ ಹಿಂಬದಿ ನಿಮ್ಮ ವಿಳಾಸ ಇರಲಿ. ಮರಳಿ ಬಂದ ಲಕೋಟೆಯಿಂದ ಪಟ್ಟಿ ತಿದ್ದಬಹುದು. ಐದಾರು ವಾರ ಬಿಟ್ಟು ಮತ್ತೆ, ಒಟ್ಟು ಮೂರು ಸಲ ಕಳಿಸಿ. ಬೇಡವೆಂದವರ ಹೆಸರು ಅಂದೇ ತೆಗೆಯಿರಿ.

ಸಾವಿನ ಮನೆಗೆ, ಸಾಲದ ಸಂಕಟಕ್ಕೆ ಗುರಿಯಿಟ್ಟು ಬರೆಯುವುದು ನಮಗೆ ಒಪ್ಪಿಗೆಯಿಲ್ಲ. ಇನ್ನೊಂದು: ಕರೆ ಮಾಡಿದ ಅಣ್ಣನೊಬ್ಬನೇ ಮಾಲೀಕನೆಂದು ನಂಬಿ ಮುಂಗಡ ಕೊಡಬೇಡಿ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಮನೆಯಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ಅವರ ಸಹಿಯೂ ಬೇಕು.