ಕಚೇರಿಯಲ್ಲಿ ಇಂಗ್ಲಿಷ್ ಸಾಕಾದರೂ ಡಚ್ ಏಕೆ, ಎಲ್ಲಿಂದ?

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಸಿಕ್ಕಿದೆ, ಕಚೇರಿಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ, ಹಾಗಿರುವಾಗ ಡಚ್ ಕಲಿಯಲೇಬೇಕೇ, ಕಲಿಯುವುದಾದರೆ ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಉದ್ಯೋಗದ ವೀಸಾದ ಮೇಲೆ ಬರುವವರಿಗೆ ಭಾಷಾ ಪರೀಕ್ಷೆ ಕಡ್ಡಾಯವಲ್ಲ. ಆದರೆ ಸಾಮಾನ್ಯವಾಗಿ 5 ವರ್ಷಗಳ ನಂತರ ಕಾಯಂ ವಾಸಕ್ಕೋ ಪೌರತ್ವಕ್ಕೋ ಅರ್ಜಿ ಹಾಕುವಾಗ ಡಚ್ ಭಾಷೆ, ಸಮಾಜಗಳ ಅರಿವನ್ನು ಅಳೆಯುವ ‘ಇನ್‌ಬ್ಯುರ್ಖರಿಂಗ್’ ಪರೀಕ್ಷೆ ಎದುರಾಗುತ್ತದೆ. ಅದಕ್ಕೂ ಬಹಳ ಮೊದಲೇ ತೆರಿಗೆ ಇಲಾಖೆಯ ನೀಲಿ ಲಕೋಟೆ ಮನೆ ಬಾಗಿಲಿಗೆ ಬರುತ್ತದೆ, ಒಳಗಿನ ಪತ್ರ ಡಚ್ಚಿನಲ್ಲೇ ಇರುತ್ತದೆ.

ಆರಂಭದಲ್ಲೇ ಪದಪಟ್ಟಿ ಉರುಹೊಡೆಯುವುದಕ್ಕಿಂತ ವಾಕ್ಯದಲ್ಲಿ ಕ್ರಿಯಾಪದ ಎಲ್ಲಿ ಕೂರುತ್ತದೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ ಎನ್ನುವುದು ನನ್ನ ಸಲಹೆ. ಸಾಧಾರಣ ವಾಕ್ಯದಲ್ಲಿ ಅದಕ್ಕೆ ಎರಡನೆಯ ಸ್ಥಾನ ಮೀಸಲು. ‘ಇಕ್ ಖಾ ಮೊರ್ಖೆನ್ ನಾರ್ ಯುಟ್ರೆಖ್ಟ್’ ಎಂದರೆ ನಾನು ನಾಳೆ ಯುಟ್ರೆಖ್ಟ್‌ಗೆ ಹೋಗುತ್ತೇನೆ. ‘ನಾಳೆ’ಯನ್ನು ಮುಂದಕ್ಕೆ ತಂದರೆ ‘ಮೊರ್ಖೆನ್ ಖಾ ಇಕ್’ ಎಂದು ಕರ್ತೃಪದವೇ ಹಿಂದೆ ಸರಿಯಬೇಕು. ಇಂಗ್ಲಿಷಿನ ಜಾಡಿನಲ್ಲಿ ಹೋಗುವವರು ಎಡವುವುದು ಇಲ್ಲಿಯೇ. ಆದರೆ ‘ಓಮ್‌ಡಾಟ್’, ಅಂದರೆ ‘ಏಕೆಂದರೆ’, ಬಂದ ಕೂಡಲೇ ಕ್ರಿಯಾಪದ ಉಪವಾಕ್ಯದ ಕೊನೆಗೆ ಹೋಗುತ್ತದೆ: ‘ಓಮ್‌ಡಾಟ್ ಇಕ್ ಮೊರ್ಖೆನ್ ನಾರ್ ಯುಟ್ರೆಖ್ಟ್ ಖಾ’. ಮಾತು ಮುಗಿಯುವವರೆಗೆ ಕ್ರಿಯೆಗಾಗಿ ಕಾಯುವುದು ನಮಗೆ ಹುಟ್ಟಿನಿಂದಲೇ ಅಭ್ಯಾಸವಾದದ್ದರಿಂದ, ಇಂಗ್ಲಿಷ್ ಮಾತೃಭಾಷೆಯವರನ್ನು ಕಂಗೆಡಿಸುವ ಈ ನಿಯಮ ಕನ್ನಡಿಗರಿಗೆ ಬೇಗ ಒಗ್ಗುತ್ತದೆ.

ಒಗ್ಗದಿರುವುದು ನಾಮಪದದ ಲಿಂಗಕ್ಕೆ ತಕ್ಕಂತೆ ಅದರ ಮುಂದೆ ಬರುವ, ಇಂಗ್ಲಿಷಿನ ‘the’ಯಂಥ ‘ಡೆ’ ಮತ್ತು ‘ಹೆಟ್’ ಎಂಬ ಎರಡು ಉಪಪದಗಳು. ನಮ್ಮಲ್ಲಿ ಲಿಂಗವನ್ನು ಅರ್ಥದಿಂದ ತಿಳಿಯಬಹುದು, ಇಲ್ಲಿ ಹಾಗಲ್ಲ. ಮೇಜು ‘ಡೆ ಟಾಫೆಲ್’ ಆದರೆ ಪುಸ್ತಕ ‘ಹೆಟ್ ಬುಕ್’. ಕಿರಿದರ್ಥದ ‘-ಯೆ’ ಪ್ರತ್ಯಯ ಹತ್ತಿದ ಏಕವಚನದ ಪದವೆಲ್ಲ ‘ಹೆಟ್’ ಆಗುವುದರಿಂದ ಹುಡುಗಿಯೂ ‘ಹೆಟ್ ಮೈಶ್ಯೆ’, ನಪುಂಸಕಲಿಂಗ! ಬಹುವಚನಕ್ಕೆ ಮಾತ್ರ ಎಲ್ಲೆಡೆ ‘ಡೆ’ ಎಂಬುದು ಸಮಾಧಾನದ ವಿಷಯ. ಉಪಪದ ತಪ್ಪಿದರೆ ಗುಣವಾಚಕವೂ ತಪ್ಪುತ್ತದೆ. ಚೆಂದದ ಮೇಜು ‘ಎನ್ ಮೋಯ್ಯೆ ಟಾಫೆಲ್’, ಚೆಂದದ ಪುಸ್ತಕ ‘ಎನ್ ಮೋಯ್ ಬುಕ್’. ಆದ್ದರಿಂದ ನಾಮಪದವನ್ನು ಉಪಪದದ ಜೊತೆಗೇ ಬರೆದುಕೊಳ್ಳಿ, ಒಂಟಿಯಾಗಿ ಎಂದೂ ಬೇಡ.

ಗಡಿಯಾರದ ವಿಷಯದಲ್ಲಿ ವಿಶೇಷ ಎಚ್ಚರವಿರಲಿ. ವೈದ್ಯರ ಸಹಾಯಕಿ ಫೋನಿನಲ್ಲಿ ‘ಹಾಲ್ಫ್ ಡ್ರೀ’ ಎಂದರೆ ಅದು ಎರಡೂವರೆ. ಮೂರರತ್ತ ಅರ್ಧ ಸಾಗಿದೆ ಎಂಬ ಲೆಕ್ಕ ಅವರದು. ಮೂರೂವರೆಗೆ ಹೋದವರಿಗೆ ಅಂದು ವೈದ್ಯರ ದರ್ಶನವಿಲ್ಲ.

ಉಚ್ಚಾರಣೆ ತಡವರಿಸಿದೊಡನೆ ಅಂಗಡಿಯವರು ಸೌಜನ್ಯದಿಂದಲೇ ಇಂಗ್ಲಿಷಿಗೆ ತಿರುಗುತ್ತಾರೆ. ಕಲಿಕೆ ನಿಂತುಹೋಗುವುದು ವ್ಯಾಕರಣದ ಕಷ್ಟಕ್ಕಿಂತ ಹೆಚ್ಚಾಗಿ ಈ ಸೌಜನ್ಯದಿಂದ. ಅವರು ಇಂಗ್ಲಿಷಿನಲ್ಲಿ ಕೇಳಿದರೂ ನೀವು ಡಚ್ಚಿನಲ್ಲೇ ಉತ್ತರಿಸಿ, ಯಾರೂ ಬೇಸರಿಸುವುದಿಲ್ಲ. ಅನೇಕ ಊರುಗಳ ಗ್ರಂಥಾಲಯಗಳಲ್ಲಿ ‘ಟಾಲ್‌ಕಫೇ’ ಎಂಬ ಮಾತುಕತೆಯ ಕೂಟ ನಡೆಯುತ್ತದೆ. ಬಂದ ಮೊದಲ ತಿಂಗಳಲ್ಲೇ ನಿಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಅದರ ದಿನ, ಸಮಯ ವಿಚಾರಿಸಿಕೊಳ್ಳಿ.